ಸರಕಿಗೊಂದು ಹೆಸರು, ಹೆಸರಿಗೊಂದು ಮಾತು

(ನಮ್ಮ ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಮಹಿಳಾ ವಿಭಾಗದವರು ಚಟ್ನಿಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟುಗಳನ್ನು ತಯಾರಿಸಿ ಪೇಟೆಯಲ್ಲಿ ಮಾರಬೇಕೆಂದು ನಿಶ್ಚಯಿಸಿರುವುದು ತಮಗೆಲ್ಲ ತಿಳಿದೇ ಇದೆ. ಬರುವ ಕೊತ್ತ ಅಮಾವಾಸ್ಯೆಗೆ ನೂಕಾಂಬಿಕಾ ಅಮ್ಮನವರ ಜಾತ್ರೆಯಲ್ಲಿ ಮೊದಲ ಅಂಗಡಿ ಇಡುವುದೆಂದು ಗೊತ್ತಾಗಿದೆ. ಹನ್ನೊಂದು ಮನೆಯವರು ತಮ್ಮ ಕೈಗಂಟಿನಿಂದ ಹಣ ಹಾಕಿದ್ದಾರೆ. ಅವರಲ್ಲಿ ಕೆಲವರಿಗೆ ಅದು ಹೋದರೆ ಹೋಯಿತು ಎನ್ನುವಂಥ ಹಣವಲ್ಲ. ಹುರಿಯುವುದು, ಕುಟ್ಟುವುದು ಎಲ್ಲ ನಿರ್ಧಾರವಾದರೂ, ಹೆಸರು ಏನಿಡಬೇಕು, ಪೊಟ್ಟಣದ ಮೇಲೆ ಏನು ಬರೆಯಬೇಕು ಎಂಬುದರಲ್ಲಿ ಮೂರು ಸಭೆಗಳು ಕಳೆದುಹೋದವು. ದೇವರ ಹೆಸರಿರಲಿ ಎಂದು ಕೆಲವರು; ಅಚ್ಚಗನ್ನಡದ ಹೆಸರಿರಲಿ ಎಂದು ಕೆಲವರು; ಕೊಳ್ಳುವವರು ತೆಲುಗರು, ಅವರಿಗೆ ಅರ್ಥವಾಗದ ಹೆಸರೇತಕ್ಕೆ ಎಂದು ಇನ್ನು ಕೆಲವರು. ಈ ವಿಚಾರವಾಗಿ ದೊಡ್ಡ ಸಂಸ್ಥೆಗಳು ಹೇಗೆ ನಡೆದುಕೊಂಡಿವೆ ಎಂಬುದನ್ನು ಓದಿ ಬಂದು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಗಿರಣಿಯ ಲೆಕ್ಕದ ಪುಸ್ತಕದಲ್ಲಿ ದಿನವೂ ಮೂಟೆಗಳ ಮಾರ್ಕು ಬರೆಯುವ ನಮಗೆ ಈ ವಿಷಯ ತೀರ ಅಪರಿಚಿತವೇನೂ ಅಲ್ಲವಾದ್ದರಿಂದ ಒಪ್ಪಿಕೊಂಡೆವು.

ಮೊದಲು ಒಂದು ಪದದ ವಿಚಾರ. ಈಗ ಎಲ್ಲರ ಬಾಯಲ್ಲೂ ಬ್ರಾಂಡು, ಬ್ರಾಂಡು ಎಂಬ ಮಾತು. ಇಂಗ್ಲಿಷಿನಲ್ಲಿ ಅದರ ಮೂಲಾರ್ಥ ಸುಡುವುದು ಎಂದು. ಕಾದ ಕಬ್ಬಿಣದಿಂದ ದನದ ಮೈಮೇಲೆ ಒತ್ತುತ್ತಿದ್ದ ಗುರುತಿಗೆ ಆ ಹೆಸರು ಬಂತು. ಹಿಂಡಿನಲ್ಲಿ ಬೆರೆತ ಹಸು ಯಾರದೆಂಬುದು ಆ ಗುರುತಿನಿಂದ ತಿಳಿಯುತ್ತಿತ್ತು. ಹೀಗೆ ಒಡೆಯನನ್ನು ತಿಳಿಸುವುದಕ್ಕೆ ಹುಟ್ಟಿದ ಗುರುತು ವ್ಯಾಪಾರಕ್ಕೆ ಬಂದಮೇಲೆ ಬೇರೊಂದು ಕೆಲಸವನ್ನೂ ಹೊತ್ತುಕೊಂಡಿತು. 'ಇದು ನಮ್ಮದು' ಎನ್ನುತ್ತಿದ್ದದ್ದು 'ಇದು ಹೀಗಿರುತ್ತದೆ, ಇದಕ್ಕೆ ನಾವು ಹೊಣೆ' ಎನ್ನತೊಡಗಿತು. ಸಂಸ್ಥೆಯೊಂದು ಹೀಗೆ ಗಿರಾಕಿಗೆ ಕೊಡುವ ಮಾತನ್ನೇ ನಾವು ಈ ದಿನ ವಿಚಾರ ಮಾಡತಕ್ಕದ್ದು.

ಮಾತೇ ಇಲ್ಲದ ಸರಕು ಹೇಗಿರುತ್ತದೆ ಎಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಅನಕಾಪಲ್ಲಿಯ ಬೆಲ್ಲದ ಪೇಟೆ ದೇಶದಲ್ಲಿ ಉತ್ತರ ಪ್ರದೇಶದ ಹಾಪುಡದ ನಂತರದ್ದು ಎಂದು ಹೆಸರಾದದ್ದು. ಇಲ್ಲಿಯ ಬೆಲ್ಲ ಒಡಿಶಾ, ಬಂಗಾಳಗಳವರೆಗೆ ಹೋಗುತ್ತದೆ. ಆದರೆ ಅಲ್ಲಿ ಅದನ್ನು ತಿನ್ನುವವನಿಗೆ ಅದು ಯಾವ ಊರಿನ ಯಾವ ಆಲೆಮನೆಯಲ್ಲಿ ಕಾಯಿಸಿದ್ದೆಂದು ತಿಳಿಯುವ ಬಗೆಯಿಲ್ಲ. ರೈತ ಗಾಡಿಯಲ್ಲಿ ತಂದ ದಿಮ್ಮಿಗಳನ್ನು ಅಂಗಳದಲ್ಲಿ ಇಳಿಸುತ್ತಾನೆ. ಖರೀದಿದಾರರು ಬಂದು ಬಣ್ಣ ನೋಡುತ್ತಾರೆ, ಒಂದು ಚೂರು ಮುರಿದು ನೋಡುತ್ತಾರೆ, ಕೂಗುತ್ತಾರೆ. ಬಣ್ಣ ಹೊಂಬಣ್ಣಕ್ಕೆ ತಿರುಗಿದಷ್ಟೂ ಬೆಲೆ ಏರುತ್ತದೆ, ಕಪ್ಪಾದಷ್ಟೂ ಇಳಿಯುತ್ತದೆ. ಹೆಸರು ಇಲ್ಲದ ಕಡೆ ಬಣ್ಣವೇ ಮಾತಾಡುತ್ತದೆ. ಅದರ ಫಲವೇನಾಯಿತು? ಬಣ್ಣ ಬರಲೆಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕುವ ಅಭ್ಯಾಸ ಬೆಳೆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಹಾಲಿಗೆ ಮಾತ್ರವಲ್ಲ. ಹೈಡ್ರೋಸ್ ಹಾಕದೆ, ಸುಣ್ಣದ ತಿಳಿಯಿಂದಲೇ ಕಲ್ಮಷ ತೆಗೆದು ಕಾಯಿಸಿದ ರೈತನ ಬೆಲ್ಲ ಸ್ವಲ್ಪ ಕಂದಾಗಿರುತ್ತದೆ. ಅಂಗಳದಲ್ಲಿ ಅವನ ಶ್ರಮಕ್ಕೆ ಬಾಯಿಲ್ಲ. ತಾನು ಮಾಡಿದ ಒಳ್ಳೆಯದನ್ನು ತಿನ್ನುವವನವರೆಗೆ ಮುಟ್ಟಿಸುವ ಮಾತು ಅವನಿಗೆ ಇಲ್ಲದ್ದರಿಂದ, ಒಳ್ಳೆಯದು ಮಾಡಿದ್ದಕ್ಕೆ ಅವನೇ ದಂಡ ತೆರಬೇಕಾಗುತ್ತದೆ. ನಮ್ಮೂರಿನಲ್ಲಿ ನೂರು ವರ್ಷಕ್ಕೂ ಹಳೆಯದಾದ ಕಬ್ಬಿನ ಸಂಶೋಧನಾ ಕೇಂದ್ರವಿದೆ, ವಿದ್ಯೆಗೆ ಕೊರತೆಯಿಲ್ಲ. ಕೊರತೆ ಇರುವುದು ಆ ವಿದ್ಯೆಯನ್ನು ಕೊಳ್ಳುವವನಿಗೆ ತಿಳಿಸುವ ಮಾತಿಗೆ.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ನಾಡಿನದೇ ಇದೆ. ಮೈಸೂರು ಸ್ಯಾಂಡಲ್ ಸೋಪು. ಇಲ್ಲಿಯ ಕಿರಾಣಿ ಅಂಗಡಿಗಳಲ್ಲಿ ಅದನ್ನು ಕಂಡಾಗ ನಮಗೆ ಊರಿನವರೊಬ್ಬರು ಸಿಕ್ಕಂತಾಗುವುದುಂಟು. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಏಕೆಂದರೆ ಸಂಸ್ಥೆಯೊಂದು ತನ್ನ ಮಾತನ್ನು ಹೇಗೆ ಗೊತ್ತುಮಾಡಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ಕಂಡಿಲ್ಲ.

ಒಂದನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯೂರೋಪಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಅಲ್ಲಿಯವರು, ಲಾಭವೂ ಅಲ್ಲಿಯದೇ. ಯುದ್ಧ ಬಂದು ಹಡಗುಗಳು ನಿಂತವು. ಮರದ ರಾಶಿ ಇಲ್ಲಿಯೇ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಭಟ್ಟಿ ಇಳಿಸುವ ಕ್ರಮವನ್ನು ತೋರಿಸಿಕೊಟ್ಟರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಎಣ್ಣೆಯಿಂದ ಸಾಬೂನು ಮಾಡುವ ವಿದ್ಯೆಯನ್ನು ಕಲಿತು ಬರಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರೇ ಮುಂದೆ ಸೋಪ್ ಶಾಸ್ತ್ರಿಗಳೆಂದು ಪ್ರಸಿದ್ಧರಾದವರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಹುಟ್ಟಿತು. ಗಂಧದೆಣ್ಣೆಯ ಕಾರ್ಖಾನೆಗಳೂ ಸಾಬೂನಿನ ಕಾರ್ಖಾನೆಯೂ 1980ರಲ್ಲಿ ಒಂದಾಗಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸಂಸ್ಥೆಯಾದವು.

ಶಾಸ್ತ್ರಿಗಳು ಮಾಡಿದ ಕೆಲಸವನ್ನು ಗಮನಿಸಬೇಕು. ಆಗ ಪೇಟೆಯಲ್ಲಿ ವಿಲಾಯತಿ ಸಾಬೂನುಗಳು ಇದ್ದವು. 'ನಮ್ಮದೂ ಸಾಬೂನೇ, ಕೊಳೆ ತೆಗೆಯುತ್ತದೆ' ಎಂದು ಹೇಳಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೇರೆ ಯಾರಿಗೂ ಹೇಳಲಾಗದ, ಮೈಸೂರು ಮಾತ್ರವೇ ಹೇಳಬಹುದಾದ ಒಂದು ಮಾತನ್ನು ಅವರು ಹಿಡಿದರು: ಇದು ಶ್ರೀಗಂಧದ ತವರಿನಿಂದ ಬಂದದ್ದು, ಇದರಲ್ಲಿರುವುದು ಅಪ್ಪಟ ಗಂಧದೆಣ್ಣೆ. ಮಿಕ್ಕಿದ್ದೆಲ್ಲ ಈ ಒಂದು ಮಾತಿಗೆ ತಕ್ಕಂತೆ ಹೊಂದಿಕೊಂಡಿತು. ಬಿಲ್ಲೆಗೆ ಅಂಡಾಕಾರ ಕೊಟ್ಟರು. ಒಡವೆಯ ಪೆಟ್ಟಿಗೆಯನ್ನು ಹೋಲುವ ಹೂಬಳ್ಳಿಯ ಚಿತ್ರದ ಡಬ್ಬಿ ಮಾಡಿಸಿದರು. ಗುರುತಾಗಿ ಆನೆಯ ತಲೆ, ಸಿಂಹದ ಮೈಯುಳ್ಳ ಶರಭವನ್ನು ಆರಿಸಿದರು. ಪ್ರಚಾರಕ್ಕೆ ಬೆಂಕಿಪೆಟ್ಟಿಗೆಯ ಚೀಟಿ, ಟ್ರಾಮಿನ ಟಿಕೇಟು ಒಂದನ್ನೂ ಬಿಡಲಿಲ್ಲ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು. ಒಂಟೆ ಬೀದಿಯ ಜನರನ್ನು ಹೊರಗೆ ಕರೆಯಿತು. ಆದರೆ ಮನೆಯೊಳಗೆ ನಿಂತದ್ದು ಪರಿಮಳ. ನೂರು ವರ್ಷ ದಾಟಿದರೂ ಆಕಾರ, ಗುರುತು, ವಾಸನೆಗಳು ಮೂಲಕ್ಕೆ ಅಂಟಿಕೊಂಡೇ ಇವೆ. ಅಜ್ಜಿ ಕಂಡ ಸಾಬೂನನ್ನು ಮೊಮ್ಮಗಳು ಕಣ್ಣುಮುಚ್ಚಿ ಗುರುತಿಸಬಲ್ಲಳು.

ಇದರಿಂದ ನಾವು ತಿಳಿಯತಕ್ಕದ್ದೇನೆಂದರೆ, ಹೆಸರು, ಚಿತ್ರ, ಘೋಷವಾಕ್ಯ ಇವೆಲ್ಲ ಎರಡನೆಯ ಕೆಲಸ. ಮೊದಲನೆಯದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು. ನಾವು ಕೊಡುವುದು ಏನು? ಯಾರಿಗೆ? ಬೇರೆಯವರು ಕೊಡದಿರುವುದು ನಮ್ಮಲ್ಲೇನಿದೆ? ಎಂಥ ಕಷ್ಟ ಬಂದರೂ ನಾವು ಮಾಡದೆ ಇರುವುದು ಏನು? ಮೊದಲ ಮೂರಕ್ಕೆ ಉತ್ತರ ಬೇಗ ಸಿಕ್ಕುತ್ತದೆ. ನಾಲ್ಕನೆಯದರ ಮುಂದೆಯೇ ಎಲ್ಲರೂ ತಡವರಿಸುವುದು. ಏಕೆಂದರೆ ಅದಕ್ಕೆ ಹಣ ಖರ್ಚಾಗುತ್ತದೆ.

ಈ ನಾಲ್ಕನೆಯ ಪ್ರಶ್ನೆಗೆ ಉದಾಹರಣೆಯಾಗಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸನ್ನು ನೆನೆಯಬಹುದು. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದರು. ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವ ಏರ್ಪಾಡು ಮಾಡಿದರು. ಗಿರಾಕಿ ಅಡಿಗೆಮನೆಯನ್ನು ಕಣ್ಣಾರೆ ಕಂಡು ಹೋಗುವ ಪದ್ಧತಿಯಿಟ್ಟರು. 'ನಮ್ಮಲ್ಲಿ ಶುಚಿ' ಎಂದು ಗೋಡೆಯ ಮೇಲೆ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಅಡಿಗೆಮನೆಯ ಬಾಗಿಲನ್ನೇ ತೆರೆದಿಡುವುದಕ್ಕೆ ದಿನವೂ ದುಡಿಯಬೇಕು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1970ರ ದಶಕದ ನಡುವೆ, ಸರ್ಕಾರ ತಿಂಡಿಯ ಬೆಲೆಯನ್ನು ತಗ್ಗಿಸಿ ಕಟ್ಟುಮಾಡಿದಾಗ ಹೋಟೆಲು ಕೆಲಕಾಲ ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ರವೆ ಇಡ್ಲಿಯ ಹಿಟ್ಟು ಮೊದಲಾದ ಸಿದ್ಧ ಪೊಟ್ಟಣಗಳ ವ್ಯಾಪಾರಕ್ಕೆ ಕೈಹಾಕಿದರು. ಆ ಪೊಟ್ಟಣಗಳ ಸಂಸ್ಥೆ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಎಂಬ ಕಂಪನಿಗೆ ಮಾರಾಟವಾಯಿತು. ಹೋಟೆಲು ಮಾತ್ರ ಮಯ್ಯರ ಕುಟುಂಬದಲ್ಲೇ ಉಳಿಯಿತು. ಸಮುದ್ರದಾಚೆಯ ಕಂಪನಿ ಕೊಂಡದ್ದು ಯಂತ್ರಗಳನ್ನು ಮಾತ್ರವಲ್ಲ, ಮೂರು ಅಕ್ಷರಗಳ ಮೇಲೆ ಜನ ಇಟ್ಟಿದ್ದ ನಂಬಿಕೆಯನ್ನೂ ಕೂಡ. ಲೆಕ್ಕ ಬರೆಯುವವರು ಇದನ್ನು ಆಸ್ತಿಯ ಕಡೆಗೆ ಬರೆಯುತ್ತಾರೆ.

ಇನ್ನು ಮಾತನ್ನು ಮುಟ್ಟಿಸುವ ಬಗೆ. ಇಲ್ಲಿ ಮೊದಲ ಗುಣ ಚಿಕ್ಕದಾಗಿರುವುದು. ನಮ್ಮ ಜಿಲ್ಲೆಯ ಪಕ್ಕದಲ್ಲೇ ಇದಕ್ಕೆ ನಿದರ್ಶನವಿದೆ. ಉಕ್ಕಿನ ಕಾರ್ಖಾನೆ ವಿಶಾಖಪಟ್ಟಣಕ್ಕೆ ಬೇಕೆಂದು 1966ರಲ್ಲಿ ಚಳವಳಿ ನಡೆದಾಗ ಜನರ ಬಾಯಲ್ಲಿ ಹುಟ್ಟಿದ ಮಾತು, 'ವಿಶಾಖ ಉಕ್ಕು, ಆಂಧ್ರುಲ ಹಕ್ಕು'. ಕನ್ನಡಿಗರಾದ ನಮಗೆ ಇದನ್ನು ಅನುವಾದಿಸಬೇಕಾದ ಅಗತ್ಯವೇ ಇಲ್ಲ. ಉಕ್ಕೂ ನಮ್ಮದೇ, ಹಕ್ಕೂ ನಮ್ಮದೇ. ನಾಲ್ಕೇ ಪದ, ಒಂದು ಪ್ರಾಸ. ಯಾವ ಕಂಪನಿಯೂ ಹಣ ಕೊಟ್ಟು ಬರೆಸಿದ್ದಲ್ಲ. ಕಾರ್ಖಾನೆಯ ಪಾಲನ್ನು ಮಾರುವ ಮಾತು 2021ರಲ್ಲಿ ಬಂದಾಗ ಐವತ್ತೈದು ವರ್ಷದ ಹಿಂದಿನ ಅದೇ ನಾಲ್ಕು ಪದಗಳು ಮತ್ತೆ ಬೀದಿಗೆ ಬಂದವು. ಜನರ ಎದೆಯಲ್ಲಿ ಮೊದಲೇ ಇದ್ದ ಭಾವನೆಗೆ ಅದು ಬಾಯಿ ಕೊಟ್ಟಿತ್ತು, ಅದಕ್ಕೇ ಬಾಳಿತು.

ಎರಡನೆಯ ಗುಣ ಬಿಡದೆ ಹೇಳುವುದು. ಗುಜರಾತಿನ ಅಮುಲ್ ಬೆಣ್ಣೆಯ ಚುಕ್ಕಿಲಂಗದ ಹುಡುಗಿಯನ್ನು ನೀವೆಲ್ಲ ಬಲ್ಲಿರಿ. ಸಿಲ್ವೆಸ್ಟರ್ ಡಕುನ್ಹ ಅವರ ಸಂಸ್ಥೆಯಲ್ಲಿ ಯೂಸ್ಟೇಸ್ ಫರ್ನಾಂಡಿಸ್ ಎಂಬ ಕಲಾವಿದರು ಬರೆದ ಆ ಹುಡುಗಿ 1966ರಿಂದ ಇಂದಿನವರೆಗೂ ಬೆಳೆದೇ ಇಲ್ಲ. ಊರಿನ ಸುದ್ದಿ ಬದಲಾಗುತ್ತದೆ, ಅವಳ ಚೇಷ್ಟೆಯ ಮಾತು ಬದಲಾಗುತ್ತದೆ, ಹುಡುಗಿ ಮಾತ್ರ ಅವಳೇ. ವರ್ಷಕ್ಕೊಂದು ವೇಷ ಹಾಕುವ ಸಂಸ್ಥೆಯನ್ನು ಗಿರಾಕಿ ನೆನಪಿಟ್ಟುಕೊಳ್ಳುವುದಾದರೂ ಹೇಗೆ?

ಮೂರನೆಯದು ಭಾಷೆ. 2023ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರು ಮೊಸರಿನ ಪೊಟ್ಟಣದ ಮೇಲೆ ಹಿಂದಿಯ 'ದಹಿ' ಎಂಬ ಪದವನ್ನು ಮುಖ್ಯವಾಗಿ ಹಾಕಿ, ಪ್ರಾಂತದ ಪದವನ್ನು ಆವರಣದಲ್ಲಿ ಹಾಕಬೇಕೆಂದರು. ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಕೋಲಾಹಲವಾಯಿತು. ತಿಂಗಳು ಮುಗಿಯುವುದರೊಳಗೆ ಪ್ರಾಧಿಕಾರದವರು ಆಜ್ಞೆಯನ್ನು ತಿದ್ದಿದರು. ಇಂಗ್ಲಿಷಿನ ಪದದ ಜತೆಗೆ ಆಯಾ ನಾಡಿನ ಪದ ಇರಬಹುದೆಂದಾಯಿತು. ಪೊಟ್ಟಣದ ಒಳಗಿದ್ದದ್ದು ಅದೇ ಮೊಸರು. ಒಂದು ಪದಕ್ಕೆ ಇಷ್ಟೇಕೆ ಎಂದು ಕೇಳುವವರಿದ್ದಾರೆ. ಮಗು ಬಾಯಿ ತೆರೆದು ಕೇಳಿದ ಪದ, ತಾಯಿ ಬಡಿಸುತ್ತ ಹೇಳಿದ ಪದ ಅದು. ಸರಕು ಅಡಿಗೆಮನೆಗೆ ಬರಬೇಕಾದರೆ ಅಡಿಗೆಮನೆಯ ಮಾತಿನಲ್ಲಿ ಬರಬೇಕು. ಅದರ ಮರುತಿಂಗಳೇ ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಪ್ರಕಟಿಸಿದಾಗ, ಕರ್ನಾಟಕದಲ್ಲಿ ನಂದಿನಿಯ ಪರವಾಗಿ ಎದ್ದ ದನಿಯನ್ನೂ ನೀವು ಕೇಳಿದ್ದೀರಿ. ಎರಡೂ ರೈತರ ಸಹಕಾರ ಸಂಸ್ಥೆಗಳೇ. ಒಂದು ಮತ್ತೊಂದಕ್ಕೆ ಶತ್ರುವೆಂದು ನಾವು ಹೇಳಲಾರೆವು. ಆದರೆ ಹಳ್ಳಿಯ ಹಾಲಿನ ಸೊಸೈಟಿಯಿಂದ ಬೆಳಗಿನ ಕಾಫಿಯವರೆಗೆ ದಿನವೂ ಬರುತ್ತಿದ್ದ ಹೆಸರು ಜನರಿಗೆ ಮನೆಯವರ ಹೆಸರಿನಂತಾಗಿತ್ತು ಎಂಬುದು ಆಗ ಗೊತ್ತಾಯಿತು.

ನಂದಿನಿಯ ಇನ್ನೊಂದು ಪ್ರಸಂಗ ನಮ್ಮ ಆಂಧ್ರಕ್ಕೇ ಸಂಬಂಧಿಸಿದ್ದು. ತಿರುಮಲದ ಲಡ್ಡುವಿಗೆ ನಂದಿನಿಯ ತುಪ್ಪ ಹೋಗುತ್ತಿತ್ತು. 2023ರಲ್ಲಿ ಬೆಲೆ ಹೊಂದಲಿಲ್ಲ. ಅಷ್ಟು ಕಡಿಮೆಗೆ ಕೊಡಲಾಗದೆಂದು ಮಹಾಮಂಡಲದವರು ಹಿಂದೆ ಸರಿದರು. 2024ರಲ್ಲಿ ಬೇರೆ ಕಡೆಯಿಂದ ಬಂದ ತುಪ್ಪದ ಗುಣದ ಬಗ್ಗೆ ದೇಶವೆಲ್ಲ ಗುಲ್ಲೆದ್ದ ಕಾಲಕ್ಕೆ ನಂದಿನಿಯ ತುಪ್ಪ ಮತ್ತೆ ಬೆಟ್ಟ ಹತ್ತಿತು. ದಾರಿಯಲ್ಲಿ ಕಲಬೆರಕೆಯಾಗದಂತೆ ಟ್ಯಾಂಕರುಗಳಿಗೆ ವಿದ್ಯುನ್ಮಾನ ಬೀಗವನ್ನೂ, ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಉಪಕರಣವನ್ನೂ ಹಾಕಿದರು. ನಮ್ಮ ದೃಷ್ಟಿಯಲ್ಲಿ ಆ ಬೀಗ ಯಾವ ಜಾಹೀರಾತಿಗಿಂತಲೂ ದೊಡ್ಡ ಜಾಹೀರಾತು. ಕಡಿಮೆ ಬೆಲೆಗೆ ಒಪ್ಪಿಕೊಂಡು ಸರಕಿನಲ್ಲಿ ಕೈಯಾಡಿಸುವುದಕ್ಕಿಂತ ಆ ಗಿರಾಕಿಯನ್ನೇ ಬಿಟ್ಟುಕೊಡುವುದು ಮೇಲು.

ಪ್ರಖ್ಯಾತರ ಮುಖವನ್ನು ಬಾಡಿಗೆಗೆ ತರುವ ಪದ್ಧತಿಯ ಬಗ್ಗೆ ಒಂದೆರಡು ಮಾತು. ಮೈಸೂರು ಸ್ಯಾಂಡಲ್‌ನವರು ಮೊದಲ ಬಾರಿಗೆ 2006ರಲ್ಲಿ ಕ್ರಿಕೆಟ್ ಆಟಗಾರ ಧೋನಿಯವರನ್ನು ಪ್ರಚಾರ ರಾಯಭಾರಿಯಾಗಿ ತಂದರು. 2025ರಲ್ಲಿ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ಗೊತ್ತುಮಾಡಿದಾಗ, ಕನ್ನಡದ ಕಲಾವಿದೆಯರಿರಲಿಲ್ಲವೇ ಎಂಬ ಪ್ರಶ್ನೆ ಬಲವಾಗಿ ಎದ್ದಿತು. ಕರ್ನಾಟಕದ ಹೊರಗೆ ಮಾರುಕಟ್ಟೆ ಬೆಳೆಸಬೇಕಾಗಿದೆ ಎಂದು ಕೈಗಾರಿಕಾ ಸಚಿವರು ಉತ್ತರ ಕೊಟ್ಟರು. ಎರಡು ಕಡೆಯ ಮಾತಿನಲ್ಲೂ ತಿರುಳಿದೆ. ತವರಿನ ಹೆಸರು ಹೇಳಿಕೊಂಡೇ ಬೆಳೆದ ಸಾಬೂನಿಗೆ ತವರಿನವರ ಪ್ರಶ್ನೆ ಬರುವುದು ಸಹಜ. ಹೊರಗೆ ಹೋಗಬೇಕೆನ್ನುವವರು ಹೊರಗಿನವರು ಬಲ್ಲ ಮುಖವನ್ನು ಹುಡುಕುವುದೂ ಸಹಜ. ಆದರೆ ಒಂದು ಮಾತು ನಿಜ. ಮುಖ ಎರಡು ವರ್ಷಕ್ಕೆ, ಪರಿಮಳ ನೂರು ವರ್ಷಕ್ಕೆ. ಜನರನ್ನು ಅಂಗಡಿಯವರೆಗೆ ಮುಖ ಕರೆತರಬಹುದು. ಎರಡನೆಯ ಸಲ ಕರೆತರುವುದು ಸರಕೇ.

ಹೆಸರು ಬೆಳೆದಮೇಲೆ ಅದಕ್ಕೆ ಕಳ್ಳರ ಕಾಟವೂ ಬೆಳೆಯುತ್ತದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ಡಬ್ಬಿ ಅದೇ, ಗುರುತು ಅದೇ. ಒಳಗಿನದು ಮಾತ್ರ ಬೇರೆ. ಇದಕ್ಕೆ ಕಾನೂನಿನ ರಕ್ಷಣೆ ಇಲ್ಲದಿಲ್ಲ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಂತೆ ಹೆಸರನ್ನೂ ಗುರುತನ್ನೂ ನೋಂದಾಯಿಸಿದರೆ ಹತ್ತು ವರ್ಷದವರೆಗೆ ಅದು ನಿಮ್ಮದೇ; ಆಮೇಲೆ ಮತ್ತೆ ನವೀಕರಿಸಬಹುದು. ಒಬ್ಬರದಲ್ಲದೆ ಒಂದು ಊರಿನದೇ ಆದ ಸರಕಿಗೆ ಭೌಗೋಳಿಕ ಗುರುತು ಎಂಬ ಇನ್ನೊಂದು ಏರ್ಪಾಡಿದೆ. ಅದರ ಮಹತ್ವವನ್ನು ತಿಳಿಯಲು ನಮ್ಮ ಜಿಲ್ಲೆಯ ಏಟಿಕೊಪ್ಪಾಕಕ್ಕೆ ಹೋಗಿ ಬನ್ನಿ. ಅಲ್ಲಿ ಅಂಕುಡು ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. ನಮ್ಮ ಚನ್ನಪಟ್ಟಣದಲ್ಲಿ ಆಲೆ ಮರದಿಂದ ಬೊಂಬೆ ಮಾಡುತ್ತಾರೆ. ಅಂಕುಡು, ಆಲೆ ಎರಡೂ ಒಂದೇ ಮರದ ಎರಡು ಹೆಸರು! ಮರ ಒಂದು, ಅರಗು ಒಂದು, ಆದರೂ ಎರಡು ಊರಿನ ಬೊಂಬೆಗಳನ್ನು ಬಲ್ಲವರು ಬೇರೆಯಾಗಿಯೇ ಗುರುತಿಸುತ್ತಾರೆ. ಏಟಿಕೊಪ್ಪಾಕದವರು ಬೀಜ, ಬೇರು, ತೊಗಟೆಗಳಿಂದ ತೆಗೆದ ಬಣ್ಣವೇ ತಮ್ಮ ಹೆಮ್ಮೆಯೆಂದು ಹೇಳಿಕೊಂಡರು. ಚನ್ನಪಟ್ಟಣದವರು ಇಡೀ ಪಟ್ಟಣವೇ ಬೊಂಬೆಗಳ ಊರೆಂದು ಹೇಳಿಕೊಂಡರು. ಏಟಿಕೊಪ್ಪಾಕದ ಬೊಂಬೆಗೆ 2017ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚನ್ನಪಟ್ಟಣಕ್ಕೆ ಅದಕ್ಕೂ ಹತ್ತು ವರ್ಷದಷ್ಟು ಮೊದಲೇ ಸಿಕ್ಕಿತ್ತು. 2025ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಬೀದಿಯಲ್ಲಿ ಆಂಧ್ರದ ಸ್ತಬ್ಧಚಿತ್ರವಾಗಿ ಮೆರೆದದ್ದು ಏಟಿಕೊಪ್ಪಾಕದ ಬೊಂಬೆಗಳೇ. ಅದೇ ಜಿಲ್ಲೆಯ ಬೆಲ್ಲದ ರೈತ ಅಂಗಳದಲ್ಲಿ ಹೆಸರಿಲ್ಲದೆ ನಿಂತಿದ್ದಾನೆ. ಒಂದು ಗಂಟೆಯ ದಾರಿಯೊಳಗೆ ಎರಡು ಪಾಠಗಳೂ ನಮಗೆ ಸಿಕ್ಕುತ್ತವೆ.

ಸುಳ್ಳು ಹೇಳುವ ಆಸೆಯ ಬಗ್ಗೆಯೂ ಎಚ್ಚರ ಹೇಳಬೇಕು. ಪೊಟ್ಟಣದ ಮೇಲೆ ಬರೆದದ್ದನ್ನು ಜನ ನಂಬುತ್ತಾರೆ ಎಂಬ ಕಾರಣಕ್ಕೇ ಅಲ್ಲಿ ಹಗುರವಾಗಿ ಬರೆಯಲಾಗದು. ಹಾಲಿಗೆ ಬೆರೆಸಿ ಮಕ್ಕಳಿಗೆ ಕೊಡುವ ಸಿಹಿಪುಡಿಗಳನ್ನು ಎಷ್ಟೋ ವರ್ಷ 'ಆರೋಗ್ಯ ಪೇಯ'ಗಳೆಂದು ಮಾರುತ್ತಿದ್ದರು. ಅಂಥ ವರ್ಗವೇ ಆಹಾರದ ಕಾನೂನಿನಲ್ಲಿಲ್ಲ, ಅಂತರ್ಜಾಲದ ಅಂಗಡಿಗಳವರು ಅವನ್ನು ಆ ಹೆಸರಿನ ಕೆಳಗಿನಿಂದ ತೆಗೆಯತಕ್ಕದ್ದು ಎಂದು 2024ರ ಏಪ್ರಿಲಿನಲ್ಲಿ ಕೇಂದ್ರದ ವಾಣಿಜ್ಯ ಮಂತ್ರಾಲಯದವರು ಸೂಚಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ದಂಡವಿದೆ. ದಂಡದ ಭಯ ಹಾಗಿರಲಿ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ಜನ ನಗುವಂತಾದರೆ ಆ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಲು ಯಾವ ಹಣವೂ ಸಾಲದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ನಮ್ಮ ಚಟ್ನಿಪುಡಿಗೆ ಬರೋಣ. ತಾಯಂದಿರು ನಕ್ಕರೂ ಚಿಂತೆಯಿಲ್ಲ. ಗಂಧದೆಣ್ಣೆಗೆ ಹೇಳಿದ್ದೆಲ್ಲ ಕಡಲೆಬೇಳೆಗೂ ಸಲ್ಲುತ್ತದೆ.

ನಾವು ಕೊಡುವುದು ಏನು? ಕನ್ನಡನಾಡಿನ ಮನೆಗಳಲ್ಲಿ ಮಾಡುವ ಪುಡಿಗಳು. ಯಾರಿಗೆ? ಇಲ್ಲಿಯ ತೆಲುಗು ಮನೆಗಳಿಗೆ. ಊರು ಬಿಟ್ಟು ಬಂದ ಕನ್ನಡದ ಮನೆಗಳು ವಿಶಾಖಪಟ್ಟಣವೂ ಸೇರಿದಂತೆ ಬೆರಳೆಣಿಕೆಯಷ್ಟು, ಅವುಗಳಿಂದಲೇ ವ್ಯಾಪಾರ ನಡೆಯದು. ಬೇರೆಯವರಲ್ಲಿ ಇಲ್ಲದ್ದೇನು? ಇಲ್ಲಿಯವರು ಪುಡಿಗಳಲ್ಲಿ ನಮಗಿಂತ ಪಂಡಿತರು. ಕಾರದಲ್ಲಿ ಅವರನ್ನು ಮೀರಿಸಲು ಹೋದರೆ ನಮ್ಮ ಬಾಯಿಯೇ ಸುಡುತ್ತದೆ. ನಮ್ಮ ಪುಡಿಯ ಗುಣ ಬೇರೆ: ಕೊಬ್ಬರಿ, ಹುಣಿಸೆ, ಒಂದಿಷ್ಟು ಬೆಲ್ಲ. ಅದರಲ್ಲಿಯೂ ಬೆಲ್ಲ! ಅನಕಾಪಲ್ಲಿಯ ಬೆಲ್ಲ ಹಾಕಿದ ಕನ್ನಡದ ಚಟ್ನಿಪುಡಿ ಎಂದು ನಾವಲ್ಲದೆ ಇನ್ನಾರು ಹೇಳಬಲ್ಲರು? ಹೈಡ್ರೋಸ್ ಹಾಕದ ಕಂದು ಬೆಲ್ಲವನ್ನೇ, ಗೊತ್ತಿರುವ ರೈತನಿಂದ, ಅವನು ಹೇಳಿದ ನ್ಯಾಯವಾದ ಬೆಲೆಗೆ ಕೊಳ್ಳೋಣ. ಅವನ ಊರಿನ ಹೆಸರನ್ನು, ಅವನು ಒಪ್ಪಿದರೆ, ಪೊಟ್ಟಣದ ಮೇಲೆ ಅಚ್ಚುಹಾಕೋಣ. ನಮಗೊಂದು ಮಾತು ಸಿಕ್ಕುತ್ತದೆ. ಅವನಿಗೂ ಮೊದಲ ಬಾರಿಗೆ ಒಂದು ಬಾಯಿ ಸಿಕ್ಕುತ್ತದೆ.

ನಾಲ್ಕನೆಯದು, ನಾವು ಮಾಡದೆ ಇರುವುದು. ಬಣ್ಣ ಹಾಕುವುದಿಲ್ಲ. ಹಳೆಯ ಪುಡಿಯನ್ನು ಹೊಸದರಲ್ಲಿ ಬೆರೆಸುವುದಿಲ್ಲ. ಹನ್ನೊಂದು ಮನೆಯಲ್ಲಿ ಹನ್ನೊಂದು ರುಚಿಯಾಗಬಾರದು; ಒಂದೇ ಅಳತೆಯ ಚೀಟಿ ಎಲ್ಲರ ಅಡಿಗೆಮನೆಯ ಗೋಡೆಯ ಮೇಲಿರಬೇಕು. ನಮ್ಮತ್ತೆಯವರು ಹೀಗೆ ಮಾಡುತ್ತಿರಲಿಲ್ಲ ಎಂಬ ವಾದವನ್ನು ಮನೆಯ ಊಟಕ್ಕೆ ಇಟ್ಟುಕೊಳ್ಳೋಣ. ಈ ತಿಂಗಳು ಕೊಂಡವನು ಮುಂದಿನ ತಿಂಗಳು ಅದೇ ರುಚಿಗಾಗಿ ಬರುತ್ತಾನೆ. ಅಳತೆ ತಪ್ಪಿದರೆ ಹೆಸರು ಎಷ್ಟು ಚೆನ್ನಾಗಿದ್ದು ಏನು ಫಲ?

ಹೆಸರಿನ ವಿಚಾರ. ದೇವರ ಹೆಸರಿನ ಪುಡಿಗಳು ಅಂಗಡಿಯಲ್ಲಿ ಆಗಲೇ ಸಾಲುಸಾಲಾಗಿ ಇವೆ. ಅವುಗಳ ನಡುವೆ ನಮ್ಮದು ಕಳೆದುಹೋದೀತು. ಕನ್ನಡಕ್ಕೂ ತೆಲುಗಿಗೂ ಸಮಾನವಾದ ಒಂದು ಪದವನ್ನು ಹುಡುಕಿದರೆ ಮೂರು ಸಭೆಗಳ ಜಗಳ ತೀರುತ್ತದೆ. ಉಕ್ಕಿನವರಿಗೆ ಸಿಕ್ಕಿತಲ್ಲವೇ? ಹೆಸರನ್ನು ತೆಲುಗು ಅಕ್ಷರದಲ್ಲಿ ಮೇಲೆ, ಕನ್ನಡ ಅಕ್ಷರದಲ್ಲಿ ಅದರ ಪಕ್ಕದಲ್ಲಿ, ಒಂದೇ ಗಾತ್ರದಲ್ಲಿ ಅಚ್ಚುಹಾಕೋಣ. ನಮ್ಮ ಅಕ್ಷರವನ್ನು ಬಚ್ಚಿಡಬೇಕಾದ್ದಿಲ್ಲ. ಎರಡು ಲಿಪಿಗಳು ಒಡಹುಟ್ಟಿದವರಂತಿವೆ. ಇಲ್ಲಿಯವರು ಅರ್ಧ ಓದಿಯೇ ಬಿಡುತ್ತಾರೆ, ಓದಿ ಸಂತೋಷಪಡುತ್ತಾರೆ. ಅದರ ಕೆಳಗೆ ಕಾನೂನು ಕೇಳುವುದೆಲ್ಲ ಇರಲಿ: ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಂಖ್ಯೆ, ಹಾಕಿದ ಪದಾರ್ಥಗಳು, ನಿವ್ವಳ ತೂಕ, ತಯಾರಾದ ದಿನ, ಎಂದಿನವರೆಗೆ ಚೆನ್ನಾಗಿರುತ್ತದೆ ಎಂಬುದು, ಗರಿಷ್ಠ ಬೆಲೆ, ಸಸ್ಯಾಹಾರದ ಹಸಿರು ಗುರುತು, ವಿಳಾಸ. ಇದನ್ನು ಕಾಟವೆಂದು ಭಾವಿಸಬಾರದು. ವಿಳಾಸ ಬರೆಯುವುದೆಂದರೆ 'ತಪ್ಪಿದ್ದರೆ ಬಂದು ಕೇಳಿ' ಎನ್ನುವುದು. ಕೇಳಲು ಬಂದವರಿಗೆ ಮರುಮಾತಿಲ್ಲದೆ ಹಣ ಹಿಂದಿರುಗಿಸುವ ಒಂದು ಸಣ್ಣ ನಿಧಿಯನ್ನು ಮೊದಲ ದಿನದಿಂದಲೇ ತೆಗೆದಿಡಬೇಕೆಂದು ನಮ್ಮ ಸೂಚನೆ. ಜಾತ್ರೆಯ ಅಂಗಡಿಯಲ್ಲಿ ಕೂರುವವರಿಗೂ ಒಂದು ಮಾತು. ಗಿರಾಕಿಯ ಅಂಗೈಯಲ್ಲಿ ಒಂದು ಚಿಟಿಕೆ ಪುಡಿ ಇಟ್ಟು, ತುಪ್ಪದ ಒಂದು ತೊಟ್ಟು ಹಾಕಿ, ಸುಮ್ಮನಿರಿ. ಮುಂದಿನದನ್ನು ಪುಡಿಯೇ ಮಾತಾಡಲಿ.

ಕೊನೆಗೆ, ಈ ವಾಚನಾಲಯದ ವಿಚಾರ. ನಾವು ಏನನ್ನೂ ಮಾರುವವರಲ್ಲ. ಆದರೂ ನಾಲ್ಕು ಪ್ರಶ್ನೆಗಳು ನಮಗೂ ಇವೆ. ಬಾಗಿಲ ಮೇಲಿನ ಹಲಗೆಯಲ್ಲಿ 'ಉಚಿತ' ಎಂದು ಬರೆದಿದೆ. ಉಚಿತವೆಂದರೆ ಹಣ ಕೊಡಬೇಕಿಲ್ಲ ಎಂದಷ್ಟೇ ಜನ ತಿಳಿದಿದ್ದಾರೆ. ಯಾರೇ ಬರಲಿ, ಕನ್ನಡ ಓದಲು ಬಾರದ ನಮ್ಮದೇ ಮಕ್ಕಳು ಬರಲಿ, ಅವರನ್ನು ಕೂರಿಸಿಕೊಂಡು ಅಕ್ಷರ ತೋರಿಸುವವರು ಒಬ್ಬರು ಇಲ್ಲಿರುತ್ತಾರೆ ಎಂಬ ಅರ್ಥ ಅದಕ್ಕೆ ಬಂದರೆ, ಅದು ನಮ್ಮ ಸಂಘದ ಮಾತಾಗುತ್ತದೆ. ಸಂಜೆ ಆರಕ್ಕೆ ತೆರೆಯುವುದೆಂದು ಬರೆದಮೇಲೆ ಆರಕ್ಕೇ ತೆರೆಯಬೇಕು. ಆರೂಕಾಲಿಗೆ ಬೀಗದ ಕೈ ಹುಡುಕುತ್ತ ಬರುವ ಸ್ವಯಂಸೇವಕ ಹಲಗೆಯ ಅಕ್ಷರವನ್ನು ದಿನಕ್ಕೊಂದರಂತೆ ಅಳಿಸುತ್ತಿದ್ದಾನೆ ಎಂದೇ ತಿಳಿಯಬೇಕು.

ಮುಂದಿನ ಭಾನುವಾರದ ಸಭೆಗೆ ಪ್ರತಿಯೊಬ್ಬರೂ ಎರಡೂ ಭಾಷೆಗೆ ಹೊಂದುವ ಒಂದು ಹೆಸರನ್ನೂ, ಚಟ್ನಿಪುಡಿಯ ಪರವಾಗಿ ಒಂದೇ ಒಂದು ವಾಕ್ಯವನ್ನೂ ಚೀಟಿಯಲ್ಲಿ ಬರೆದು ತರಬೇಕೆಂದು ಮಹಿಳಾ ವಿಭಾಗದವರ ಪರವಾಗಿ ಕೋರುತ್ತೇವೆ. ವಾಕ್ಯವನ್ನು ತಂದವರು, ಅದನ್ನು ವರ್ಷವಿಡೀ ನಡೆಸಿಕೊಡಲು ಏನು ಬೇಕೆಂಬುದನ್ನೂ ಅದರ ಕೆಳಗೇ ಬರೆದು ತರುವುದು.